ಹಮೀದಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು

ಶಿಡ್ಲಘಟ್ಟ
೧೪ ಡಿಸೆಂಬರ್ ೨೦೨೫, ಭಾನುವಾರ

ನನ್ನ ಮುದ್ದು ಮಹೀನಮ್ಮಾ,

ರತ್ನ ಆಂಟಿಗೆ ಈ ಕಾಲದಲ್ಲಿ ಕಾಗದ ಬರೆಯುವ ಹುಚ್ಚು ಯಾಕೆ ಹತ್ತಿತು ಅಂದುಕೊಳ್ಳಬೇಡ. ಫೋನ್ ಮಾಡಿದರೆ ನಿಮ್ಮಮ್ಮ ಪಕ್ಕದಲ್ಲೇ ಕೂತಿರುತ್ತಾಳೆ, ಒಂದು ಮಾತು ಆಚೀಚೆಯಾದರೆ ಕಣ್ಣಲ್ಲೇ ಗದರುತ್ತಾಳೆ. ಅಷ್ಟು ದೂರದ ವಿಜಯಪುರದಲ್ಲಿ ನಿನ್ನ ಕಾಲೇಜಿನ ಪರೀಕ್ಷೆಗಳು ಮುಗಿಯುವತನಕ ನಿನಗೇನೂ ಹೇಳಕೂಡದು ಎಂದು ಆಣೆ ಬೇರೆ ಹಾಕಿದ್ದಾಳೆ. ಆದ್ದರಿಂದ ಅವಳ ವಿಷಯ ಬಿಟ್ಟು ಕಾರಿನ ವಿಷಯ ಬರೆಯುತ್ತೇನೆ.

ಮೊದಲೆಲ್ಲ ಕೀಲಿ ಕೈಗೆ ಬಂದರೆ ಸಾಕು, ಮೈ ಹಗುರವಾಗುತ್ತಿತ್ತು. ಈಗ ಬುಧವಾರ, ಶನಿವಾರ ಅವಳನ್ನು ಡಯಾಲಿಸಿಸ್‌ಗೆಂದು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ಯಬೇಕಲ್ಲ, ಹಿಂದಿನ ದಿನದಿಂದಲೇ ನನಗೆ ಕೀಲಿ ಮುಟ್ಟಲು ಮನಸ್ಸಾಗುವುದಿಲ್ಲ. ದಾರಿಯುದ್ದಕ್ಕೂ ಹಂಪ್‌ಗಳು. ಶನಿವಾರವಂತೂ ಸ್ಕಂದಗಿರಿ ಹತ್ತಿ ಇಳಿದು ಕಳವಾರದ ಕಡೆಯಿಂದ ಬರುವ ಬೆಂಗಳೂರಿನವರ ಕಾರುಗಳು ಊರೊಳಗೆಲ್ಲ ಸಿಕ್ಕಿಕೊಂಡಿರುತ್ತವೆ. ನನ್ನ ತಮ್ಮ ಸುನೀಲ್‌ಕುಮಾರ್ ಆರಿಸಿ ಕೊಡಿಸಿದ ಈ ಹೊಸ ಕಾರೋ, ಬೆಲ್ಟ್ ಹಾಕದಿದ್ದರೆ ಕುಯ್ಯೋ ಅನ್ನುತ್ತದೆ, ಗೆರೆ ದಾಟಿದರೆ ಕುಯ್ಯೋ ಅನ್ನುತ್ತದೆ. ಜೀವನವೆಲ್ಲ ಮಕ್ಕಳನ್ನು ಗದರಿಸಿದವಳನ್ನು ಈಗ ಒಂದು ಕಾರು ಗದರಿಸುತ್ತದೆ.

ನಾನೂ ನಿಮ್ಮಮ್ಮನೂ ಚಿಂತಾಮಣಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ನನ್ನ ಹಳೇ ಮಾರುತಿಯಲ್ಲೇ ಹೋಗಿಬರುತ್ತಿದ್ದೆವು. ಸುಗ್ಗಿಯಲ್ಲಿ ಗಾಡಿಗಳು ಹತ್ತಿ ಕಾಳು ಉದುರಲಿ ಎಂದು ರೈತರು ಹುರುಳಿ ಗಿಡಗಳನ್ನು ರಸ್ತೆಗೇ ಹರಡುತ್ತಿದ್ದರು. ಬೇರೆಯವರು ಬೈದುಕೊಂಡು ಹೋಗುತ್ತಿದ್ದರು. ನಿಮ್ಮಮ್ಮ ಬಿಡಬೇಕಲ್ಲ. ಇನ್ನೊಂದ್ ಸಲ ಹಿಂದಕ್ಕೆ ತಗೊಳ್ಳೇ ರತ್ನಾ, ಪಾಪ ಗಂಗುಲಮ್ಮಂದು ಇನ್ನೂ ಉದುರಿಲ್ಲ ಅನ್ನುತ್ತಿದ್ದಳು. ಹಾಗೇ ಹಿಂದೆ ಮುಂದೆ ಆಡಿಸುತ್ತಿದ್ದಾಗ ಒಂದು ದಿನ ಬಳ್ಳಿಯೆಲ್ಲ ಚಕ್ರಕ್ಕೆ ಸುತ್ತಿಕೊಂಡು ಹೊಗೆ ಎದ್ದಿತು. ಹೊಲದ ಗಂಗುಲಮ್ಮ ಅಯ್ಯೋ ದೇವುಡಾ ಎನ್ನುತ್ತ ಓಡಿಬಂದು ಕೊಡ ನೀರು ಸುರಿದಳು. ತಡವಾದದ್ದಕ್ಕೆ ಹೆಡ್‌ಮಾಸ್ಟರ್ ಕೋನಪ್ಪನವರು ಕಾರಣ ಕೇಳಿದರೆ, ಒಕ್ಕಣೆ ಮಾಡ್ತಿದ್ವಿ ಸಾರ್ ಅಂದಳು ನಿಮ್ಮಮ್ಮ. ಪಾಪ, ಅವರು ಹಾಜರಿ ರಿಜಿಸ್ಟರ್ ಮುಂದಕ್ಕೆ ತಳ್ಳಿದರು.

ಈಗ ಅವಳು ಪಕ್ಕದಲ್ಲಿ ಕೂತರೂ ಮಾತಾಡುವುದಿಲ್ಲ. ಹೋಗುವಾಗ ಕಾಲು ಊದಿರುತ್ತದೆ, ಬರುವಾಗ ಕತ್ತು ನಿಲ್ಲುವುದಿಲ್ಲ. ಎಷ್ಟು ನಿಧಾನ ಮಾಡಿದರೂ ಹಂಪ್ ಬಂದಾಗ ತುಟಿ ಕಚ್ಚುತ್ತಾಳೆ, ಹಿಂದಿನವನು ಹಾರನ್ ಹೊಡೆಯುತ್ತಾನೆ. ಹೋದ ವಾರ, ಸಾಕು ಕಣೇ ರತ್ನಾ, ಇನ್ ಅಲ್ಲಿಗೆ ನನ್ನ ಕರ್ಕೊಂಡ್ ಹೋಗ್ಬೇಡ ಅಂದಳು. ಹೋಗದಿದ್ದರೆ ಏನಾಗುತ್ತದೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಬಾಯಿ ಮುಚ್ಕೊಂಡು ಕೂತ್ಕೋ ಎಂದು ಗದರಿಸಿ ಕಾರು ಬಿಟ್ಟೆ. ಅಳು ಬಂದು ದಾರಿಯೇ ಸರಿಯಾಗಿ ಕಾಣಲಿಲ್ಲ.

ನೋಡು, ಬರೆಯುವುದಿಲ್ಲ ಎಂದದ್ದನ್ನೇ ಬರೆದೆ. ಗಾಬರಿಯಾಗಬೇಡ, ನಾನಿದ್ದೇನೆ. ಪರೀಕ್ಷೆ ಮುಗಿಸಿಕೊಂಡೇ ಬಾ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಆಂಟಿ,
ವೆಂಕಟರತ್ನಮ್ಮ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಡಿಸಿದ್ದೇನೆ. ನಿನ್ನೆ ನಾವು ಆಸ್ಪತ್ರೆಗೆ ಹೋಗಲಿಲ್ಲ. ಮನೆ ಬಿಟ್ಟ ಕೂಡಲೇ ಜಂಗಮಕೋಟೆ ಕಡೆ ತಿರುಗಿಸು ಎಂದಳು, ತಿರುಗಿಸಿದೆ. ಡಾಕ್ಟರು ಮುಟ್ಟಲೇಬೇಡಿ ಎಂದಿದ್ದ ಎಳನೀರನ್ನು ನಾನೇ ಕೊಡಿಸಿದೆ. ಹಿಪ್ಪುನೇರಳೆ ತೋಟಗಳ ನಡುವೆ ಗಾಜು ಇಳಿಸಿಕೊಂಡು ದಾರಿಯುದ್ದಕ್ಕೂ ಮಾತಾಡಿದಳು, ನಕ್ಕಳು. ಎಷ್ಟೋ ವರ್ಷಗಳ ಮೇಲೆ ನನಗೆ ಕಾರು ಓಡಿಸುವುದು ಸುಖ ಅನ್ನಿಸಿತು. ಇನ್ನೊಂದು ಸಲ ಅವಳು ಹಾಗೆ ಕೇಳಿದರೆ ನಾನು ಇಲ್ಲ ಅನ್ನಲಾರೆ, ಮಹೀನ್. ಪರೀಕ್ಷೆ ಹಾಳಾಗಲಿ, ನೀನು ಬಾ.