ಮಹಡಿಯ ಮೇಲಿನ ಬೂಟು

ಮನೆ ಮಾಲೀಕರಿಗೆ, ಮಹಡಿಯ ಬಾಡಿಗೆಯವಳ ನಮಸ್ಕಾರ.

ಹಗಲೆಲ್ಲ ಗಂಡಸಿನ ಬೂಟಿನ ಸಪ್ಪಳ ಕೇಳುತ್ತದೆ, ಒಂಟಿ ಹೆಂಗಸಿನ ಮನೆಗೆ ಯಾರು ಬರುತ್ತಾರೆ ಎಂದು ಚೀಟಿಯಲ್ಲಿ ಕೇಳಿದ್ದೀರಿ. ಯಾರೂ ಬರುವುದಿಲ್ಲ. ಬೂಟು ತೀರಿಹೋದ ನಮ್ಮ ಯಜಮಾನರದು, ಕಾಲು ನನ್ನದು. ಸಿನಿಮಾಗಳಿಗೆ ಹೆಜ್ಜೆಯ ಸದ್ದು ಕೊಡುವುದು ನನ್ನ ಕಸುಬು. ತೆರೆಯ ಮೇಲೆ ನಟರು ನಡೆಯುತ್ತಾರೆ, ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಾನು ನಡೆಯುತ್ತೇನೆ. ಮನೆಯಲ್ಲಿ ಮಾಡುವುದು ಅಭ್ಯಾಸ.

ಪ್ರತಿ ಭಾನುವಾರ ಮಧ್ಯಾಹ್ನ ನೀವು ಹಾಕುವ ಅದೇ ಹಳೆಯ ಸಿನಿಮಾ ನನಗೂ ಕೇಳುತ್ತದೆ. ಮುನಿಸಿಕೊಂಡು ಹೋಗಿದ್ದ ಅಪ್ಪ ಮೆಟ್ಟಿಲು ಹತ್ತಿ ಬಂದು, ಮಗಳ ಬಾಗಿಲಾಚೆ ನಿಲ್ಲುತ್ತಾನೆ. ಮುಖ ಕಾಣುವುದಿಲ್ಲ, ಹೆಜ್ಜೆ ಮಾತ್ರ. ಆಗ ನೀವು ಪ್ರತಿ ಸಲವೂ ನಿಮ್ಮ ಮನೆಯವರಿಗೆ, "ನೋಡೇ, ಒಳಗೆ ಬರೋಕೆ ಅಪ್ಪಂಗೆ ಧೈರ್ಯ ಸಾಲ್ತಿಲ್ಲ" ಎನ್ನುತ್ತೀರಿ.

ಆ ಹೆಜ್ಜೆ ನನ್ನದು, ಇದೇ ಬೂಟಿನದು. ಧೈರ್ಯ ಸಾಲದೆ ನಿಂತದ್ದಲ್ಲ. ಅಂದು ಸ್ಟುಡಿಯೋದಲ್ಲಿ ಈ ದೊಡ್ಡ ಬೂಟು ನನ್ನ ಕಾಲಿನಿಂದ ಕಳಚಿಕೊಂಡಿತು, ಮತ್ತೆ ಕಾಲು ತೂರಿಸಿದೆ. "ತಪ್ಪಾಯ್ತು, ಇನ್ನೊಂದ್ಸಲ ನಡೀತೀನಿ" ಎಂದೆ. ನಿರ್ದೇಶಕರು ಕಣ್ಣೊರೆಸಿಕೊಂಡು, "ಬೇಡಮ್ಮ, ಇದೇ ಇರ್ಲಿ" ಎಂದರು. ಜನ ಆ ಸಿನಿಮಾವನ್ನು ಇಷ್ಟು ಹಚ್ಚಿಕೊಂಡಿರುವುದು ಆ ಒಂದು ತಡವರಿಕೆಗೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಒಂದು ಕೋರಿಕೆ. ಬರುವ ಭಾನುವಾರ ಆ ದೃಶ್ಯದಲ್ಲಿ ಟಿವಿಯ ಸದ್ದು ಪೂರ್ತಿ ನಿಲ್ಲಿಸಿ, ಚಾವಣಿಗೆ ಕಿವಿಗೊಡಿ. ನಾನು ನಡೆಯುತ್ತೇನೆ. ಆಮೇಲೂ ಸಂಶಯ ಉಳಿದರೆ ತಿಳಿಸಿ, ಮನೆ ಖಾಲಿ ಮಾಡುತ್ತೇನೆ.

ಇಂತಿ,
ನಿಮ್ಮ ಸಿನಿಮಾದ ಅಪ್ಪ