ಹಳಿಗೆ ಅರವತ್ತು ಹೆಜ್ಜೆ ಈಚೆ

೧೬-೨-೧೯೭೬, ಸೋಮವಾರ. ಮುಂಜಾನೆ

ಅಂಗಳ ಸಾರಿಸಿದೆ. ಸ್ನಾನ, ಪೂಜೆ. ದೀಪದ ಮುಂದೆ ಹಳಿಯಲ್ಲಿ ಸತ್ತವರ ಹೆಸರು ಓದಿದೆ. ಇವತ್ತು ಎರಡು ಹೆಚ್ಚು. ನಿನ್ನೆ ಟಿಕೋಟಾದ ಮದುವೆ ಗಾಡಿ... ನಮ್ಮ ಮನೆ ಮುಂದಿನ ಗೇಟಿಲ್ಲದ ಕ್ರಾಸಿಂಗ್‌ನಲ್ಲೇ. ಮದುಮಗಳು ಉಳಿದಳು. ಅವಳ ಅಪ್ಪ, ಸೋದರಮಾವ ಉಳಿಯಲಿಲ್ಲ.

ನಮ್ಮವರು ರೈಲ್ವೆ ಗ್ಯಾಂಗ್‌ನಲ್ಲಿದ್ದಾಗ ಹೆಸರು, ಊರು ಕೇಳಿಕೊಂಡು ಬರುತ್ತಿದ್ದರು. ಈ ವಹಿಯ ಕೊನೆ ಪುಟದಲ್ಲಿ ನಾನು ಬರೆಯುತ್ತಿದ್ದೆ. ಅವರು ತೀರಿಹೋಗಿ ಎರಡು ವರ್ಷ. ಬರೆಯುವುದು ಬಿಟ್ಟಿಲ್ಲ. ೭೨ರಲ್ಲಿ ಎರಡು. ೭೩ರಲ್ಲಿ ಮೂರು. ೭೪ರಲ್ಲೂ ಮೂರು. ೭೫ರಲ್ಲಿ ಐದು. ಈಗ ಫೆಬ್ರುವರಿಗೇ ಎರಡು.

ಅದೇ ದಿವಸ, ಮಧ್ಯಾಹ್ನ

ರೊಟ್ಟಿ ಬಡಿಯುವುದು ಬಿಟ್ಟು ಮತ್ತೆ ಪುಟ ತೆಗೆದೆ. ಊರಿನ ಹೆಸರು ಮಾತ್ರ ಓದಿದೆ. ನಿಡೋಣಿ, ಟಿಕೋಟಾ, ಸಾರವಾಡ, ಬಬಲೇಶ್ವರ... ಹದಿನೈದರಲ್ಲಿ ಹನ್ನೊಂದು ಜನ ಪಡುವಣದವರು. ಅವರ ಊರುಗಳಲ್ಲಿ ರೈಲೇ ಇಲ್ಲ. ಎಲ್ಲ ಸಾವೂ ಮದುವೆ ತಿಂಗಳುಗಳಲ್ಲೇ. ಇಷ್ಟು ವರ್ಷ ಬರೆದೆ, ಓದಲಿಲ್ಲ.

೧೯-೨-೧೯೭೬, ಗುರುವಾರ

ಇವತ್ತು ಕಣ್ಣಾರೆ ಕಂಡೆ. ಸಾರವಾಡದ ದಿಬ್ಬಣ. ಹಲಗಿ, ಸನಾದಿ. ಎತ್ತಿನ ಗಾಡಿ ಸೀದಾ ಹಳಿಯ ಮೇಲೆಯೇ ನಿಂತಿತು. ಗಾಡಿ ಹೊಡೆಯುವವ ಇಳಿದು ಹಳಿಗೆ ತೆಂಗಿನಕಾಯಿ ಒಡೆದ. ಓಡಿಹೋಗಿ ಬೈದೆ.

"ಯಪ್ಪಾ, ಇದೇನ ದೇವರ ಗುಡಿ ಏನು? ಎತ್ತ ಮುಂದ ಹೊಡಿ."

ಅವನ ಹೆಸರು ಧೂಳಪ್ಪ. ನಗುತ್ತಾ ಅಂದ, "ಮದಿಮಗಳ್ನ ಕರಕೊಂಡು ಸೀಮಿ ದಾಟಾಕತ್ತೇವಿ ಅವ್ವಾ. ಡೋಣಿ ಹಳ್ಳಕ್ಕ ಒಂದು ಕಾಯಿ ಒಡದ್ವಿ, ಇದಕ್ಕೊಂದು. ಕಬ್ಬಿಣ ಗಟ್ಟಿ ಐತಿ, ಒಂದ ಏಟಿಗೆ ಒಡೀತು ನೋಡು."

ಅವರಿಗೆ ಹಳಿ ಅಂದರೆ ಸೀಮೆ. ಕಾಯಿ ಒಡೆಯಲು ನಿಲ್ಲಲೇಬೇಕು. ಹಲಗಿ ಸದ್ದಿನಲ್ಲಿ ಇಂಜಿನ್ ಸೀಟಿ ಯಾರಿಗೆ ಕೇಳಬೇಕು?

ನಿಲ್ಲಬೇಡಿ ಅಂದರೆ ಕೇಳುವುದಿಲ್ಲ. ನಿಲ್ಲುವ ಜಾಗ ಬದಲಿಸಿದರೆ?

೨೩-೨-೧೯೭೬, ಸೋಮವಾರ

ನಮ್ಮವರ ಜೊತೆ ಗ್ಯಾಂಗ್‌ನಲ್ಲಿದ್ದ ಚಮನಸಾಬನಿಗೆ ಹೇಳಿದೆ. ಹಳ್ಳದಿಂದ ಉದ್ದನೆಯ ಕರಿಕಲ್ಲು ಹೊತ್ತು ತಂದ. ಹಳಿಗೆ ಅರವತ್ತು ಹೆಜ್ಜೆ ಈಚೆ, ದಿಬ್ಬಣ ಬರುವ ರಸ್ತೆಯ ಮಗ್ಗುಲಿಗೆ, ಸೀಮೆಕಲ್ಲಿನ ಹಾಗೆ ನಿಲ್ಲಿಸಿದೆವು.

"ಹೊರೂದು ನನ್ನ ಕೆಲಸ ಸತ್ಯವ್ವಕ್ಕಾ. ದೇವ್ರ ಮಾಡೂದು ನಿಮ್ಮದು."

ಸುಣ್ಣ ಬಳಿದೆ. ಕುಂಕುಮ ಹಚ್ಚಿದೆ. ನಾನೇ ನಿಲ್ಲಿಸಿದ ಕಲ್ಲು. ಐವತ್ತು ವರ್ಷ ಸುಳ್ಳು ಪೂಜೆ ಮಾಡಿದವಳಲ್ಲ. ಕೈ ಮುಗಿಯಲಿಲ್ಲ. ಶಿವಾ, ತಪ್ಪಾದರೆ ನನ್ನೊಬ್ಬಳಿಗೇ ಇರಲಿ.

೪-೪-೧೯೭೬, ಭಾನುವಾರ

ಹನ್ನೊಂದು ದಿಬ್ಬಣ ಎಣಿಸಿದೆ. ಹನ್ನೊಂದೂ ಕಲ್ಲಿನ ಹತ್ತಿರ ನಿಂತವು! ಕಾಯಿ ಒಡೆಯುವಾಗ ಹಲಗಿ ನಿಲ್ಲುತ್ತದೆ. ನಿಂತ ಕೂಡಲೇ ರೈಲಿನ ಸದ್ದು ಕೇಳುತ್ತದೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಖುಷಿಗೆ ಊಟ ಸೇರಲಿಲ್ಲ.

ಚಮನಸಾಬ ಕಾಯಿ ಹೋಳು ತಿನ್ನುತ್ತಾ, "ಅಕ್ಕಾ, ನಮ್ಮ ದೇವ್ರು ಬರೊಬ್ಬರಿ ಡ್ಯೂಟಿ ಮಾಡಾಕತ್ಯಾನ" ಅಂದ.

೩೧-೧೨-೧೯೭೬

ಫೆಬ್ರುವರಿಯ ಆ ಇಬ್ಬರು. ಆಮೇಲೆ ಯಾರೂ ಇಲ್ಲ.

೨-೫-೧೯೭೭, ಸೋಮವಾರ

ರೈಲ್ವೆಯ ಹೊಸ ಇನ್ಸ್‌ಪೆಕ್ಟರ್ ಅಂಬಾದಾಸ ಸಾಹೇಬರು ಬಂದಿದ್ದರು. ಕಲ್ಲು ನೋಡಿ ಸಿಟ್ಟಾದರು. "ಇವತ್ತ ಕಲ್ಲು, ನಾಳೆ ಗುಡಿ. ರೈಲ್ವೆ ಜಾಗಾ ಇದು. ಗುರುವಾರದೊಳಗ ತೆಗೀರಿ."

ವಹಿ ತೋರಿಸಿದೆ. ಐದು ವರ್ಷದ ಹೆಸರು, ಊರು, ತಿಂಗಳು. ಓದಿದರು.

"ನಮ್ಮ ರಿಜಿಸ್ಟರ್‌ನಾಗ ಇಷ್ಟಿಲ್ಲಲ್ರಿ."

"ದವಾಖಾನ್ಯಾಗ ಎರಡ ದಿನ ಬಿಟ್ಟು ಸತ್ತವ್ರನ್ನ ನೀವು ಬರದಿಲ್ರಿ ಸಾಹೇಬ್ರ. ನಾ ಬರದೇನಿ."

"ಕಡಿಮಿ ಆಗಿದ್ದು ಕಲ್ಲಿನಿಂದನ ಅಂತ ಹ್ಯಾಂಗ ಹೇಳ್ತೀರಿ? ಗೇಟ್ ಬೇಕಂತ ಬರೀತೀನಿ. ಕಲ್ಲು ಮಾತ್ರ ಇರಂಗಿಲ್ಲ."

೫-೫-೧೯೭೭, ಗುರುವಾರ. ಸಂಜೆ

ಅಕ್ಷರ ಸೊಟ್ಟ ಬಂದರೂ ಇವತ್ತೇ ಬರೆಯಬೇಕು.

ಮುಂಜಾನೆ ಕಲ್ಲು ಕಿತ್ತರು. ಕಿತ್ತವನೂ ಚಮನಸಾಬನೇ. ಡ್ಯೂಟಿ. ಸಾಹೇಬರು ನಿಂತು ಮಾಡಿಸಿದರು, ಆಮೇಲೆ ಹಳಿಯ ಬೋಲ್ಟು ನೋಡುತ್ತಾ ಅಲ್ಲೇ ಉಳಿದರು.

ಮಧ್ಯಾಹ್ನ ನಿಡೋಣಿಯ ದಿಬ್ಬಣ. ಗದಗದ ಕಡೆಯಿಂದ ಬರುವ ರೈಲಿನ ಹೊತ್ತು. ಹೊಗೆ ಕಾಣುತ್ತಿತ್ತು. ಹಲಗಿ ಜೋರು. ಕಲ್ಲಿಲ್ಲ. ಎತ್ತು ಹಳಿಯ ಕಡೆಗೇ... ಕೈ ಬೀಸಿದೆ. ಕುಣಿಯುವವರು ನನಗೂ ಕೈ ಬೀಸಿದರು.

ಕುಂಕುಮದ ಬಟ್ಟಲು ಹಿಡಿದು ಓಡಿದೆ. ಕಲ್ಲು ಕಿತ್ತ ಗುಂಡಿಯ ಮುಂದೆ, ರಸ್ತೆಯ ನಡುವೆ ಕುಳಿತೆ. ಹಣೆ ತುಂಬ ಕುಂಕುಮ ಬಳಿದುಕೊಂಡೆ. ವಿಧವೆ ನಾನು. ಕಣ್ಣು ಮುಚ್ಚಿದೆ.

ಎತ್ತಿನ ಉಸಿರು ಮುಖಕ್ಕೆ ಬಿತ್ತು. ಹಲಗಿ ನಿಂತಿತು. ಯಾರೋ ಅಂದರು, "ಏ, ಅವ್ವನ ಮೈಮ್ಯಾಲೆ ದೇವ್ರು ಬಂದಾನ. ಕಾಯಿ ತರ್ರಿ ಲಗೂನ."

ಪಕ್ಕದಲ್ಲೇ ಕಾಯಿ ಒಡೆದರು. ನೀರು ಪಾದಕ್ಕೆ ಸಿಡಿಯಿತು. ಆಗಲೇ ರೈಲು ಧಡಧಡ ದಾಟಿತು. ನೆಲ ಅದುರಿತು. ಸದ್ದಿನಲ್ಲೇ ಡಬ್ಬಿ ಎಣಿಸಿದೆ, ಏಳು.

ಕಣ್ಣು ತೆಗೆದೆ. ಗಾಡಿಯೊಳಗೆ ಅರಿಸಿನದ ಕೈ, ಹಸಿರು ಬಳೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ದೇವ್ರು ಬಂದಿಲ್ಲವ್ವಾ," ಅಂದೆ. "ರೈಲು ಬಂದಿತ್ತು. ಹೋತು. ಇನ್ನ ದಾಟ್ರಿ."

ಸಾಹೇಬರು ಹಳಿಯ ಆಚೆ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಆಮೇಲೆ ಚಮನಸಾಬನಿಗೆ ಅಂದರು, "ಗೇಟ್ ಬರೂ ತನಕ ಆ ಕಲ್ಲು ತಂದು ಹುಗೀರಿ. ಈ ಸಲ ಆಳಕ್ಕ."

೬-೫-೧೯೭೭, ಶುಕ್ರವಾರ. ಮುಂಜಾನೆ

ಕಲ್ಲು ಮತ್ತೆ ನಿಂತಿದೆ. ಇವತ್ತು ಅದಕ್ಕೆ ಕೈ ಮುಗಿದೆ. ಯಾಕೆ ಅಂತ ಕೇಳಿಕೊಳ್ಳಲಿಲ್ಲ.

ಕೊನೆ ಪುಟ ತೆಗೆದೆ. ೭೭ ಅಂತ ಬರೆದೆ. ಪಕ್ಕದಲ್ಲಿ ಸೊನ್ನೆ ಹಾಕುವ ಆಸೆ. ವರ್ಷ ಮುಗಿಯಲು ಇನ್ನೂ ಸುಮಾರು ಎಂಟು ತಿಂಗಳಿದೆ, ಆತುರ ಬೇಡ.

ಹಲಗಿ ಕೇಳುತ್ತಿದೆ. ಸನಾದಿಯೂ. ಈ ಹೊತ್ತಿಗೆ ಸೋಲಾಪುರದ ರೈಲು... ಹಲಗಿ ಇನ್ನೂ ನಿಂತಿಲ್ಲ. ಈಗ ನಿಲ್ಲಬೇಕು. ಈಗ —

ನಿಂತಿತು. ಹೋಗಿ ನೋಡಿ ಬಂದು ಬರೆಯುತ್ತೇನೆ.