ನೆಲದಿಂದ ಒಂದೂವರೆ ಅಡಿ

ಲಗ್ಗೆರೆ, ಜೂನ್ 1984

ಪಟ್ಟಾಭಿ,

ನಾವಿಬ್ಬರೂ ಸೇರಿ ನಕ್ಷೆ ಬರೆಯಲು ಶುರುಮಾಡಿದ್ದ ಮನೆ ಇವತ್ತು ಎದ್ದು ನಿಂತಿತು. ಪೀಣ್ಯದಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ಲಾರಿಯಲ್ಲಿ ತಂದು, ಕ್ರೇನಿನಿಂದ ಇಳಿಸಿ ಜೋಡಿಸಿದೆವು. ಎಲ್ಲ ಗೋಡೆಯೂ ಒಂದೇ ಅಳತೆ, ಎಲ್ಲ ಕಿಟಕಿಯೂ ಒಂದೇ ಎತ್ತರ. ಸಂಸಾರ ಬೆಳೆದ ಹಾಗೆ ಇನ್ನೊಂದು ಕೋಣೆ ಸೇರಿಸಬಹುದು.

ಮಧ್ಯಾಹ್ನ ಈ ಮನೆಯಲ್ಲಿ ವಾಸಿಸಲಿರುವವರು ನೋಡಲು ಬಂದರು. ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿರುವ ನಂಜಪ್ಪ, ಅವರ ತಾಯಿ ಪಿಳ್ಳಮ್ಮ. ಪಿಳ್ಳಮ್ಮ ನೇರವಾಗಿ ಅಡುಗೆಮನೆಗೆ ಹೋಗಿ, ಅಕ್ಕಿ ಆರಿಸುವವರ ಹಾಗೆ ನೆಲದ ಮೇಲೆ ಕಾಲು ಚಾಚಿ ಕೂತು ಕಿಟಕಿಯತ್ತ ತಲೆಯೆತ್ತಿದರು.

"ಇಲ್ಲಿ ಕುಂತ್ರೆ ಬರೀ ಆಕಾಸ ಕಾಣ್ತದೆ ಕಣವ್ವ. ಬೀದೀಲಿ ಯಾರವ್ರೆ, ಯಾರು ಬಂದ್ರು, ಒಂದೂ ತಿಳಿಯಾಕಿಲ್ಲ."

ಎರಡು ವರ್ಷದ ಹಿಂದೆ ನೀನೂ ಇದನ್ನೇ ಹೇಳಿದ್ದೆ. "ನಮ್ಮ ಹೆಂಗಸರು ನೆಲದ ಮೇಲೆ ಕೂತು ಕೆಲಸ ಮಾಡ್ತಾರೆ ವತ್ಸಲಾ, ಅಡುಗೆಮನೆ ಕಿಟಕೀನ ಒಂದೂವರೆ ಅಡಿಗೆ ಇಳಿಸೋಣ." ಅದಕ್ಕೆ ಇನ್ನೊಂದು ಅಚ್ಚು ಬೇಕು, ಮನೆಯ ಸರಳತೆಯೇ ಕೆಡುತ್ತದೆ ಎಂದು ನಾನು ಎಲ್ಲರೆದುರು ನಿನ್ನ ನಕ್ಷೆಯನ್ನು ಪಕ್ಕಕ್ಕೆ ಸರಿಸಿದೆ. ನೀನು ಆಫೀಸು ಬಿಟ್ಟೆ. ಮರುವರ್ಷ ನೀನು ಜ್ವರದಿಂದ ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು.

ಇವತ್ತು ಅಡುಗೆಮನೆ ಕಿಟಕಿಯ ಗೋಡೆಯನ್ನು ಕಳಚಲು ಹೇಳಿದೆ. ಹೊಸ ಅಚ್ಚು ಮಾಡಿಸುತ್ತಿದ್ದೇನೆ. ತಗ್ಗು ಕಿಟಕಿಯ ಯೋಚನೆ ನನ್ನದಲ್ಲ, ನನ್ನ ಜೊತೆ ಕೆಲಸ ಮಾಡುತ್ತಿದ್ದವರದು ಎಂದು ಪಿಳ್ಳಮ್ಮನಿಗೆ ತಿಳಿಸಿದೆ.

"ಅಂಗಾರೆ ಗೃಹಪ್ರವೇಸಕ್ಕೆ ಅವರ್ನೂ ಕರ್ಕೊಂಡು ಬಾರವ್ವ" ಅಂದರು.

"ಆಗಲಿ" ಅಂದೆ.